ಗೋಡೆ ಮಾರಮ್ಮನ ಆಣೆ

ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ, ಹಗಲೆಲ್ಲ ಲಾರಿಗಳು ಹಿಂದೆ ಮುಂದೆ ಆಡುತ್ತಾ ದಾರಿ ಕಟ್ಟಿಹಾಕುವ ಕಡೆ, ಬಟ್ಟೆ ಹೊಲಿಯುವ ಹಳೆಯ ಫ್ಯಾಕ್ಟರಿಯೊಂದಿದೆ. ಅದರ ಹಿಂಬದಿಯ ಕಾಂಪೌಂಡು ಗೋಡೆಗೆ ಬೆನ್ನು ಕೊಟ್ಟು ಒಂದು ಚಿಕ್ಕ ಗುಡಿ. ಗುಲಾಬಿ ಬಣ್ಣದ ಟೈಲ್ಸು, ಮೇಲೆ ಮೊಣಕೈ ಉದ್ದದ ಗೋಪುರ, ಸ್ಟೀಲಿನ ಬಾಗಿಲು. ಒಳಗಿರುವಾಕೆ ಗೋಡೆ ಮಾರಮ್ಮ. ಶುಕ್ರವಾರ ಬೆಳಗ್ಗೆ ಫ್ಯಾಕ್ಟರಿಯ ಸೈರನ್ ಕೂಗುವ ಮೊದಲೇ ದೇವಕ್ಕ ಅಲ್ಲಿ ಕೂತು ಹಿತ್ತಾಳೆ ದೀಪ ತಿಕ್ಕುತ್ತಿರುತ್ತಾಳೆ.

ದೇವಕ್ಕ ಅದೇ ಫ್ಯಾಕ್ಟರಿಯ ಚೆಕಿಂಗ್ ವಿಭಾಗದಲ್ಲಿ ಕಣ್ಣು ಸವೆಸಿ ರಿಟೈರ್ ಆದವಳು. ವಯಸ್ಸು ಎಪ್ಪತ್ತರ ಆಸುಪಾಸು. ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಆದರೂ ನೆಲಗದರನಹಳ್ಳಿಯ ಮನೆಯಿಂದ ಹೂವಿನ ಬುಟ್ಟಿ ಹಿಡಿದು ನಡೆದೇ ಬರುತ್ತಾಳೆ. ಗೇಟಿನಲ್ಲಿ ಹೊಸ ಸೆಕ್ಯೂರಿಟಿ ಯಾರಾದರೂ "ಅಜ್ಜಿ, ಐಡಿ ಕಾರ್ಡ್ ಎಲ್ಲಿ?" ಎಂದು ಅಡ್ಡ ನಿಂತರೆ, ಒಳಗಿನಿಂದ ಹಳಬರು ಕೂಗುತ್ತಾರೆ.

"ಬಿಡೋ ಗುರು, ಅವ್ರು ಮಾರಮ್ಮನ ತಾಯಿ!"

ಹೊಸಬ ತಬ್ಬಿಬ್ಬಾಗಿ ದಾರಿ ಬಿಡುತ್ತಾನೆ. ದೇವಕ್ಕ ನಗುತ್ತಾ, "ಊಂ ಕಣಪ್ಪ, ಹೆತ್ತೋಳು ನಾನು, ಸಾಕ್ತಿರೋರು ನಿಮ್ ಕಂಪ್ನಿಯೋರು" ಎಂದು ಒಳಗೆ ಹೋಗುತ್ತಾಳೆ. ಅದು ತಮಾಷೆಗೆ ಆಡಿದ ಮಾತಾದರೂ ಸುಳ್ಳಲ್ಲ.

ಅವಳು ಕೆಲಸಕ್ಕೆ ಸೇರಿದಾಗ ಜಾಲಹಳ್ಳಿ ಕ್ರಾಸಿನಿಂದ ಆಚೆಗೆ ಇನ್ನೂ ರಾಗಿ ಹೊಲಗಳು ಕಾಣುತ್ತಿದ್ದವು. ಮೆಟ್ರೋ ಇರಲಿ, ಮೇಲುಸೇತುವೆಯ ಮಾತೂ ಯಾರ ಬಾಯಲ್ಲೂ ಇರಲಿಲ್ಲ. ಅಲ್ಲಿಯವರೆಗೆ ಅವರಿವರ ಹೊಲದಲ್ಲಿ ಕಳೆ ಕಿತ್ತು ಬೆನ್ನು ಸುಟ್ಟುಕೊಂಡಿದ್ದ ದೇವಕ್ಕನಿಗೆ ಫ್ಯಾಕ್ಟರಿ ಎಂದರೆ ಮೊದಲು ಕಂಡದ್ದು ಫ್ಯಾನು. ತಲೆಯ ಮೇಲೆ ಸಾಲಾಗಿ ತಿರುಗುವ ಫ್ಯಾನು, ಕೆಳಗೆ ಸಾಲಾಗಿ ಗುಡುಗುಡು ಎನ್ನುವ ಮಿಷನ್ನು. "ನೆರಳಾಗೆ ಕುಂತು ಮಾಡೋ ಕೆಲ್ಸ ಅತ್ತೆ, ಕೂಲಿ ಅಂತ ಅನ್ಸಲ್ಲ" ಎಂದು ಮನೆಗೆ ಹೋಗಿ ಹೇಳಿದ್ದಳು. ಅತ್ತೆ ನಂಬಿರಲಿಲ್ಲ. ನೆರಳಿನಲ್ಲಿ ಕೂರಿಸಿ ಯಾರು ಸಂಬಳ ಕೊಡುತ್ತಾರೆ?

ನೆರಳೇನೋ ಇತ್ತು. ಕಷ್ಟವಿದ್ದದ್ದು ಹಿಂಬದಿಯಲ್ಲಿ. ಹೆಂಗಸರ ಕಕ್ಕಸು ಕಾಂಪೌಂಡಿನ ಮೂಲೆಯಲ್ಲಿತ್ತು. ಗೋಡೆ ಪಕ್ಕದ ಓಣಿ ಹಾದು ಹೋಗಬೇಕು. ಅದೇ ಗೋಡೆಗೆ ಗಂಡಸರು ಉಚ್ಚೆ ಹೊಯ್ಯುತ್ತಿದ್ದರು. ಕಟಿಂಗ್ ಮೇಜಿನವರು, ಲೋಡಿಂಗಿನವರು, ಹೊರಗಿನಿಂದ ಬಂದ ಲಾರಿ ಡ್ರೈವರುಗಳು. ಹೆಂಗಸರು ಬರುತ್ತಿರುವುದು ಕಂಡರೆ ಮಾನವಂತರು ಮುಖ ಆಚೆ ತಿರುಗಿಸುತ್ತಿದ್ದರು. ಇನ್ನು ಕೆಲವರು ಬೇಕೆಂದೇ ಈಚೆ ತಿರುಗುತ್ತಿದ್ದರು. ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ಬೆಳಗ್ಗೆ ಮನೆಯಲ್ಲಿ ಕುಡಿದ ಕಾಫಿಯ ಮೇಲೆ ಸಾಯಂಕಾಲದವರೆಗೆ ತಡೆದುಕೊಂಡು, ಉರಿ ಹತ್ತಿ, ಜ್ವರ ಬಂದು ಮಲಗಿದವರೂ ಇದ್ದರು.

ಆಗಿನ ಮ್ಯಾನೇಜರಿಗೆ ಹೇಳಿದರೆ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂದು ಬರೆಸಿದ. ಗಂಡಸರು ಅಕ್ಷರಕ್ಕೆ ಗುರಿಯಿಟ್ಟು ಹೊಯ್ಯತೊಡಗಿದರು. ಒಂದು ತಿಂಗಳಿಗೆ 'ಮಾಡಬಾರದು' ಅಳಿಸಿಹೋಗಿ ಉಳಿದದ್ದು ಕರೆಯೋಲೆಯಂತೆ ಕಾಣುತ್ತಿತ್ತು.

ಒಂದು ಮಂಗಳವಾರ ದೇವಕ್ಕ ಮೊದಲ ಬಸ್ಸಿಗೇ ಬಂದಳು. ಜೊತೆಯಲ್ಲಿ ರಾಮಮ್ಮ. ಆಗಷ್ಟೇ ಟೈಲರಾಗಿ ಸೇರಿದ್ದ, ಇನ್ನೂ ಲಂಗ ದಾವಣಿ ಹಾಕುತ್ತಿದ್ದ ಹುಡುಗಿ. ಕಟ್ಟಡ ಕಟ್ಟುವಾಗ ಉಳಿದಿದ್ದ ಕಲ್ಲಿನ ಗುಡ್ಡೆಯಿಂದ ದೇವಕ್ಕ ಮೂರು ಕಲ್ಲು ಆರಿಸಿ, ತೊಳೆದು, ಗೋಡೆಯ ಬುಡದಲ್ಲಿ ನಿಲ್ಲಿಸಿದಳು. ರಾಮಮ್ಮ ಊಟದ ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದುಕೊಟ್ಟಳು.

"ಅಕ್ಕ, ಪಾಪ ಬರಲ್ವಾ?"

"ಬಂದ್ರೆ ಗೋಡೆಗ್ ನಿಂತ್ಕೊಳ್ಳೋರಿಗೆ ಬರ್ಲಿ. ನೀನು ಬೇವಿನ್ ಸೊಪ್ಪು ಕಿತ್ಕೊಂಡು ಬಾ."

ಬೇವಿನ ಸೊಪ್ಪು ಸುತ್ತಿದರು. ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಎರಡು ಕಡೆ ಇಟ್ಟರು. ದೇವಕ್ಕ ತನ್ನ ಕೈಯಿಂದ ಎರಡು ಹಸಿರು ಬಳೆ ಕಳಚಿ ಮುಂದಿಟ್ಟಳು. ಆಮೇಲೆ ಇಬ್ಬರೂ ಏನೂ ಅರಿಯದವರಂತೆ ಹೋಗಿ ಮಿಷನ್ ಒರೆಸುತ್ತಾ ಕೂತರು.

ಮೊದಲು ಹೋದವನು ಲೋಡಿಂಗಿನ ಒಬ್ಬ ದಾಂಡಿಗ. ಕೈ ಆಗಲೇ ಪಂಚೆಯ ಮೇಲಿತ್ತು. ಕಲ್ಲು ಕಂಡವನೇ ಬೆಂಕಿ ತುಳಿದವನಂತೆ ಹಾರಿ, ಕೆನ್ನೆ ಕೆನ್ನೆ ಬಡಿದುಕೊಂಡು, ಚಪ್ಪಲಿ ಬಿಟ್ಟು ಅಡ್ಡ ಬಿದ್ದ. ಕಿಟಕಿಯಿಂದ ನೋಡುತ್ತಿದ್ದ ರಾಮಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಸಂಜೆಯ ಹೊತ್ತಿಗೆ ಕಲ್ಲಿನ ಮುಂದೆ ಯಾರೋ ಕರ್ಪೂರ ಹಚ್ಚಿದ್ದರು. ಮರುವಾರ ಓಣಿಯಲ್ಲಿ ನೀರು ಹಾಕಿ ತೊಳೆದು ರಂಗೋಲಿ ಬಿಟ್ಟಿದ್ದರು. ಹೆಂಗಸರು ಮತ್ತೆ ನೀರು ಕುಡಿಯತೊಡಗಿದರು.

ಆ ವರ್ಷಗಳನ್ನು ನೆನೆದರೆ ದೇವಕ್ಕನಿಗೆ ಈಗಲೂ ಮೈ ಹಗುರಾಗುತ್ತದೆ. ಶುಕ್ರವಾರ ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಗೋಡೆಯ ಬಳಿಯೇ ಡಬ್ಬಿ ಬಿಚ್ಚುತ್ತಿದ್ದರು. ಒಬ್ಬಳ ಮುದ್ದೆಗೆ ಇನ್ನೊಬ್ಬಳ ಸೊಪ್ಪಿನ ಸಾರು. ತಮಿಳಿನ ಹೆಂಗಸು ತಂದ ಪುಳಿಯೋಗರೆ ಎಲ್ಲರ ಡಬ್ಬಿಗೂ ಹೋಗಬೇಕು. ಸರದಿಯಲ್ಲಿ ಒಬ್ಬೊಬ್ಬರು ಹುರುಳಿ ಗುಗ್ಗರಿ ಮಾಡಿ ತರುತ್ತಿದ್ದರು. ಸೋಬಾನೆ ಪದ ಬಲ್ಲವಳೊಬ್ಬಳಿದ್ದಳು, ಸೊಲ್ಲು ಎತ್ತಿದರೆ ಮಿಷನ್ ಮುಂದೆ ಕೂತವರೂ ಒಳಗಿನಿಂದಲೇ ಸೊಲ್ಲು ಸೇರಿಸುತ್ತಿದ್ದರು. ಆಯುಧಪೂಜೆಯ ದಿನ ತಮ್ಮ ತಮ್ಮ ಮಿಷನ್ನಿಗೆ ಸೀರೆಯ ತುಂಡು ಉಡಿಸಿ, ಮಲ್ಲಿಗೆ ಮುಡಿಸಿ, ಮೊದಲ ಕಾಯಿ ಗೋಡೆ ಮಾರಮ್ಮನಿಗೆ ಒಡೆದು ಬರುತ್ತಿದ್ದರು. ಕಳೆದ ಓಲೆ ಸಿಕ್ಕರೆ ಮಾರಮ್ಮ, ಕುಡುಕ ಗಂಡ ಒಂದು ವಾರ ಮನೆಗೆ ನೆಟ್ಟಗೆ ಬಂದರೆ ಮಾರಮ್ಮ. ದೇವಕ್ಕ ಮೊದಮೊದಲು ಒಳಗೊಳಗೇ ನಗುತ್ತಿದ್ದಳು. ಆಮೇಲೊಂದು ದಿನ ಅವಳ ಕಿರಿಯ ಮಗನಿಗೆ ಕಾಮಾಲೆ ಆಗಿ ಡಾಕ್ಟರು ಕೈಚೆಲ್ಲಿದಾಗ, ಆಸ್ಪತ್ರೆಯಿಂದ ಫ್ಯಾಕ್ಟರಿಗೆ ಓಡಿಬಂದು ಅದೇ ಮೂರು ಕಲ್ಲಿಗೆ ತಲೆ ಚಚ್ಚಿಕೊಂಡು ಅತ್ತಳು. ತಾನೇ ತಂದು ನಿಲ್ಲಿಸಿದ ಕಲ್ಲೆಂಬುದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಮಗ ಉಳಿದ. ಅಲ್ಲಿಂದಾಚೆಗೆ ಅವಳು ನಗುವುದನ್ನು ಬಿಟ್ಟಳು.

ಕಂಪನಿಗೂ ನಿಧಾನವಾಗಿ ಮಾರಮ್ಮನ ಬೆಲೆ ತಿಳಿಯಿತು. ಕಳುಹಿಸಬೇಕಿದ್ದ ಮಾಲು ಗಡುವಿಗೆ ಮುಟ್ಟಿದ ಸಂತೋಷದಲ್ಲಿ ಮಾಲೀಕರು ಗುಡಿ ಕಟ್ಟಿಸಿದರು. ವರ್ಷಕ್ಕೊಮ್ಮೆ ಹೊರಗಿನಿಂದ ಅರ್ಚಕರು ಬರತೊಡಗಿದರು, ಕಲ್ಲಿನ ಮೇಲೆ ಬೆಳ್ಳಿಯ ಮುಖವಾಡ ಕೂತಿತು. ಈಗಿನ ಮ್ಯಾನೇಜರ್ ಪರಮಾನಂದ ಶುಕ್ರವಾರದ ಆರತಿಗೆ ತಪ್ಪದೆ ಬರುತ್ತಾರೆ. ಹಣೆತುಂಬ ಕುಂಕುಮ ಇಟ್ಟುಕೊಳ್ಳುವ, ದನಿ ಎತ್ತದ ಮನುಷ್ಯ. ಒಮ್ಮೆ ದೇವಕ್ಕನೊಂದಿಗೆ ಮಾತಾಡುತ್ತಾ ಅವರೇ ಹೇಳಿದ್ದರು.

"ದೇವಕ್ಕ, ದೇವರು ಅಂತ ಒಂದಿದ್ರೆ ಜನ ನೆಟ್ಟಗಿರ್ತಾರೆ. ಕ್ಯಾಮೆರಾ ಎಷ್ಟೂಂತ ಹಾಕ್ಸೋದು ಹೇಳಿ?"

"ದಿಟ ಸ್ವಾಮಿ" ಎಂದಿದ್ದಳು ದೇವಕ್ಕ. ತಾನೂ ಒಂದು ಕಾಲಕ್ಕೆ ಹಾಗೆಯೇ ಲೆಕ್ಕ ಹಾಕಿದ್ದವಳು ತಾನೇ.

ಆ ಮಾತಿನ ಇನ್ನೊಂದು ಮಗ್ಗುಲು ಅವಳಿಗೆ ಕಂಡದ್ದು ಹೇಮಲತಾಳ ವಿಷಯದಲ್ಲಿ. ಹೇಮಲತಾ ಕೊಪ್ಪಳದ ಕಡೆಯ ಹುಡುಗಿ. ದೇವಕ್ಕನ ಮನೆಯ ಮುಂದಿನ ರೂಮಿನಲ್ಲಿ ಗೆಳತಿಯರೊಂದಿಗೆ ಬಾಡಿಗೆಗಿದ್ದು ಅದೇ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಒಂದು ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ದೇವಕ್ಕನ ಹೊಸಿಲಲ್ಲಿ ಕುಸಿದು ಕೂತಳು. ಮುಂಗೈ ಮೇಲೆ ಬೆರಳಿನ ಗುರುತು ನೀಲಿಗಟ್ಟಿತ್ತು.

"ಅಜ್ಜಿ, ನಮ್ಮ ಲೈನ್ ಸೂಪರ್‌ವೈಸರ್ ಗೋಡೌನಿನ್ಯಾಗ ಬಟ್ಟಿ ಥಾನಿನ ರಾಶಿ ಹಿಂದ ನನ್ನ ಹಿಡದು ಎಳದ. ಕೊಡವಿ, ಕೆನ್ನಿಗೆ ಒಂದು ಕೊಟ್ಟು ಬಂದೆ. ಈಗ ಅಂವನ ನನ್ನ ಮ್ಯಾಲೆ ಕಂಪ್ಲೇಂಟ್ ಬರದಾನ, ತಡಾ ಬಂದಿದ್ದಕ್ಕ ಬೈದ್ರ ಕೈ ಮಾಡಿದಳು ಅಂತ."

"ಯಾರಾನ ಕಂಡ್ರೇನವ್ವ?"

"ರಾಮಮ್ಮಾರು ದಾರದ ಕೋನ್ ಒಯ್ಯಾಕ ಬಂದಿದ್ರು. ಕಣ್ಣಾರೆ ನೋಡ್ಯಾರ."

ರಾಮಮ್ಮ ಈಗ ಆ ಫ್ಯಾಕ್ಟರಿಯ ಎಲ್ಲರಿಗಿಂತ ಹಳೆಯ ಟೈಲರು. ರಿಟೈರ್ ಆಗಲು ಸ್ವಲ್ಪವೇ ದಿನ. ಅವಳು ಕಂಡಿದ್ದರೆ ಇನ್ನೇನು ಬೇಕು ಎಂದುಕೊಂಡಳು ದೇವಕ್ಕ. ಹೇಮಲತಾ ಫ್ಯಾಕ್ಟರಿಯ ಮಹಿಳಾ ದೂರು ಸಮಿತಿಗೆ ಬರೆದುಕೊಟ್ಟಳು. ಮುಂದಿನ ವಾರ ಶುಕ್ರವಾರ ವಿಚಾರಣೆ, ಹೊರಗಿನಿಂದ ವಾಸಂತಿ ಎನ್ನುವ ವಕೀಲೆಯೊಬ್ಬರು ಬಂದು ಕೂರುತ್ತಾರೆ ಎಂದು ಗೊತ್ತಾಯಿತು.

ಅದಕ್ಕೆ ಮೊದಲಿನ ಶುಕ್ರವಾರ ಆರತಿಯ ಹೊತ್ತಿಗೆ ಪರಮಾನಂದ ಎಲ್ಲ ಲೈನಿನ ಹೆಂಗಸರನ್ನೂ ಗುಡಿಯ ಮುಂದೆ ಕರೆಸಿದರು. ದೇವಕ್ಕ ಎಂದಿನಂತೆ ಗಂಟೆ ಬಾರಿಸುತ್ತಿದ್ದಳು. ಅವರು ಕರ್ಪೂರದ ತಟ್ಟೆ ಕೈಗೆ ತೆಗೆದುಕೊಂಡು, ಮಾಮೂಲಿನ ಮೆತ್ತನೆ ದನಿಯಲ್ಲಿ ಹೇಳಿದರು.

"ಫ್ಯಾಕ್ಟರಿ ಅಂದ್ರೆ ಒಂದು ಮನೆ ಇದ್ದ ಹಾಗೆ ಕಣ್ರಮ್ಮ. ಮನೇಲಿ ಒಂದು ಮಾತು ಬರತ್ತೆ, ಹೋಗತ್ತೆ. ಅದನ್ನ ಹೊರಗಿನೋರ ಮುಂದೆ ಹೇಳಿದ್ರೆ ಯಾರ ಮಾನ ಹೋಗೋದು? ಎಲ್ರೂ ಅಮ್ಮನ ಆರತಿ ಮುಟ್ಟಿ, ಒಳಗಿನ ಮಾತು ಒಳಗೇ ಇರತ್ತೆ ಅಂತ ಆಣೆ ಮಾಡಿ."

ದೇವಕ್ಕನ ಕೈಯಲ್ಲಿ ಗಂಟೆ ಅರ್ಧಕ್ಕೆ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಉರಿಯುವ ಕರ್ಪೂರವನ್ನು ಮುಂದೆ ಹಿಡಿದರೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕೈಗಳು ಒಂದೊಂದಾಗಿ ಚಾಚಿಕೊಂಡವು. ರಾಮಮ್ಮನ ಕೈಯೂ ಚಾಚಿಕೊಂಡಿತು. ಹೇಮಲತಾ ಒಬ್ಬಳೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಆ ದಿನ ಸಂಜೆ ದೇವಕ್ಕನ ಅಡುಗೆಮನೆಯಲ್ಲಿ ಹೇಮಲತಾಳ ಸಿಟ್ಟು ಉಕ್ಕಿತು.

"ದೇವ್ರು ಅಂಬೋದನ್ನ ಮಾಡಿದ್ದ ಇದಕ್ಕ ನೋಡ್ರಿ ಅಜ್ಜಿ, ನಮ್ಮಂಥಾರನ್ನ ಹಿಡತದಾಗ ಇಡಾಕ. ಕೋಲು ಹಿಡದ್ರ ಪೊಲೀಸ್ರು ಕೇಳ್ತಾರ. ಕರ್ಪೂರ ಹಿಡದ್ರ ಯಾರ ಕೇಳ್ತಾರ?"

ದೇವಕ್ಕ ಮುದ್ದೆಯ ಎಸರಿಗೆ ಹಿಟ್ಟು ಹಾಕಿದಳು. ಇಲ್ಲ ಕಣೇ, ಹಾಗಲ್ಲ ಎನ್ನಲು ಅವಳಿಗೆ ಆಗಲಿಲ್ಲ. ಹುಡುಗಿಯ ಎದುರಿಗೇ ಇದ್ದಳಲ್ಲ, ದೇವರನ್ನು ಅದಕ್ಕೆಂದೇ ಮಾಡಿದವಳು. ಗಂಡಸರನ್ನು ಗೋಡೆಯಿಂದ ದೂರ ಅಟ್ಟಲು ತಾನು ಇಟ್ಟ ಕಲ್ಲು, ಇವತ್ತು ಹೆಂಗಸರ ಬಾಯಿಗೆ ಅಡ್ಡ ಬಂದಿತ್ತು. ಮುದ್ದೆ ತಿರುವಿ ಇಳಿಸಿದ ಮೇಲೆ ಅವಳು ಹೇಮಲತಾಳಿಗೆ ಕಲ್ಲಿನ ಕಥೆಯನ್ನೆಲ್ಲ ಹೇಳಿದಳು. ದಾಂಡಿಗ ಅಡ್ಡ ಬಿದ್ದ ಜಾಗಕ್ಕೆ ಬಂದಾಗ ಅಷ್ಟು ಹೊತ್ತು ಉರಿಯುತ್ತಿದ್ದ ಹುಡುಗಿ ಗೊಳ್ಳೆಂದು ನಕ್ಕುಬಿಟ್ಟಳು.

"ಹಂಗಾರ ನಿಮ್ಮ ಮಗಳಿಗೆ ನೀವ ಹೇಳ್ರಿ, ರಾಮಮ್ಮಾರ ಆಣಿ ಬಿಡಸು ಅಂತ."

ನಗುವಿನಲ್ಲಿ ಆಡಿದ ಮಾತು ದೇವಕ್ಕನ ಮನಸ್ಸಿನಲ್ಲಿ ನಿಂತಿತು. ರಾಮಮ್ಮ ಬಾಯಿ ಬಿಡದಿದ್ದರೆ ಈ ಹುಡುಗಿ ಸುಳ್ಳಿಯಾಗುತ್ತಾಳೆ, ಕೆಲಸವೂ ಹೋಗುತ್ತದೆ, ಆ ಗಂಡಸು ಅದೇ ಗೋಡೌನಿನಲ್ಲಿ ಇನ್ನೊಬ್ಬಳಿಗಾಗಿ ಕಾಯುತ್ತಾನೆ.

ಭಾನುವಾರ ಅವಳು ಆಟೋ ಹತ್ತಿ ದಾಸರಹಳ್ಳಿಗೆ ರಾಮಮ್ಮನ ಮನೆಗೆ ಹೋದಳು. ಮನೆಯಲ್ಲಿ ಬಾಣಂತನಕ್ಕೆ ಬಂದಿದ್ದ ಮಗಳು ಗೋಡೆಗೊರಗಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ತುಂಬು ಹೊಟ್ಟೆ. ಮೊದಲು ಎರಡು ಸಲ ಬಸಿರು ನಿಂತೂ ಕಳೆದುಹೋಗಿತ್ತು, ಈ ಸಲ ಉಳಿದಿತ್ತು. ರಾಮಮ್ಮ ದೇವಕ್ಕನ ಮುಖ ಕಂಡೊಡನೆ ಬಂದ ಕಾರಣ ತಿಳಿದುಕೊಂಡು, ಕಾಫಿ ಲೋಟ ಕೈಗಿಟ್ಟು ಮೆಟ್ಟಿಲ ಮೇಲೆ ಕರೆದುಕೊಂಡು ಹೋದಳು.

"ಅಕ್ಕ, ಬೇರೆ ಏನಾದ್ರೂ ಕೇಳು. ಇದೊಂದು ಕೇಳ್ಬೇಡ."

"ನೀನ್ ಕಂಡಿದ್ದು ದಿಟ ತಾನೇ ರಾಮಿ?"

"ದಿಟಾನೇ. ಆ ಮುಂಡೇಮಗ ಆ ಹುಡುಗೀನ ಎಳದಾಡ್ತಿದ್ದ. ನನ್ನ ಕೈಲಿದ್ದ ಕೋನು ಬಿದ್ದೋಯ್ತು. ಆದ್ರೆ ಆರತಿ ಮುಟ್ಬಿಟ್ಟೆನಲ್ಲಕ್ಕ."

"ಯಾವ್ ಆರತಿ ಕಣೇ? ಯಾವ್ ಅಮ್ಮ? ಅರಿಶಿನ ತಂದ್ಕೊಟ್ಟೋಳು ನೀನು, ಕಲ್ ತೊಳದೋಳು ನಾನು. ಅವತ್ತು ಸೆರಗು ಬಾಯಿಗ್ ತುರ್ಕೊಂಡು ನಗಲಿಲ್ವೇ ನೀನು?"

ರಾಮಮ್ಮ ನಗಲಿಲ್ಲ. "ನಗ್ತಿದ್ದೆ. ನನ್ ಮಗಳು ಅಂಬೆಗಾಲಿಡುವಾಗ್ಲೂ ಬಿದ್ರೆ ನಗ್ತಿದ್ದೆ. ಈಗ ನಗಕ್ಕಾಯ್ತದಾ? ನಾವೇ ಮಾಡಿದ್ದು ನಿಜ ಅಕ್ಕ, ಆದ್ರೆ ಅವ್ಳು ಬೆಳದ್ಬಿಟ್ಲು. ನಿನ್ ಮಗನ್ನ ಉಳಿಸ್ಕೊಟ್ಟಾಗ ಕಲ್ಲು ಅಂದಿದ್ಯಾ?"

ದೇವಕ್ಕ ಕಾಫಿಯ ಮೇಲಿನ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಈ ಬಸಿರು ನಿಲ್ಲಲಿ ಅಂತ ಅವ್ಳಿಗೇ ಹರಕೆ ಕಟ್ಟಿದೀನಿ" ಎಂದಳು ರಾಮಮ್ಮ, ಒಳಗೆ ಕೇಳಿಸದಂತೆ. "ಅವ್ಳ ಮುಂದೆ ಮಾಡಿದ ಆಣೆ ಮುರದು, ಅವ್ಳ ಹತ್ರಾನೇ ಮೊಮ್ಮಗು ಕೇಳಕ್ಕೆ ಯಾವ್ ಮೊಕ ಹೊತ್ಕೊಂಡ್ ಹೋಗ್ಲಿ?"

ಕೆಳಗೆ ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ರಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮಾತು ತೆಗೆದಳು.

"ಒಂದ್ ಕೆಲ್ಸ ಮಾಡು. ಶುಕ್ರವಾರ ಅವ್ಳ ಹತ್ರ ಹೂವು ಕೇಳಣ. ಬಲಗಡೆ ಕೊಟ್ರೆ ಒಳಗ್ ಹೋಗಿ ಕಂಡಿದ್ದೆಲ್ಲ ಹೇಳ್ತೀನಿ. ಎಡಗಡೆ ಬಿದ್ರೆ ನನ್ ಸುದ್ದಿಗ್ ಬರ್ಬೇಡ."

"ಆಗ್ಲಿ" ಎಂದಳು ದೇವಕ್ಕ.

ಹೂವು ಕೇಳುವುದೆಂದರೆ ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿದ್ದದ್ದು ಕೇಳಿಕೊಂಡು ಕಾಯುವುದು. ಬಲದ್ದು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ. ಮದುವೆಗೆ, ಸೈಟಿಗೆ, ಊರು ಬಿಡುವುದಕ್ಕೆ, ಎಷ್ಟು ಹೆಂಗಸರು ಗೋಡೆ ಮಾರಮ್ಮನಲ್ಲಿ ಹೂವು ಕೇಳಿಲ್ಲ! ಅಂಟಿಸುತ್ತಾ ಬಂದದ್ದು ದೇವಕ್ಕನ ಕೈ. ಅರಿಶಿನ ತೆಳ್ಳಗೆ ಕಲೆಸಿದರೆ ಹೂವು ಬೇಗ ಜಾರುತ್ತದೆ. ಗಟ್ಟಿ ಕಲೆಸಿದರೆ ಸಂಜೆವರೆಗೂ ಹಿಡಿದಿರುತ್ತದೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಚಳಕ ತೋರಿದವಳಲ್ಲ.

ಶುಕ್ರವಾರ ರಾಮಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಜಡೆಯಲ್ಲೇ ಬಂದಳು. ಅಷ್ಟರಲ್ಲಾಗಲೇ ವಾಸಂತಿಯವರ ಕಾರು ಬಂದು, ಆಫೀಸಿನ ಪಕ್ಕದ ಕೋಣೆಯಲ್ಲಿ ವಿಚಾರಣೆ ಶುರುವಾಗಿತ್ತು. ಮೊದಲು ಹೇಮಲತಾಳನ್ನು ಕರೆದಿದ್ದರು. ರಾಮಮ್ಮ ಗುಡಿಯೊಳಗೆ ಬಗ್ಗಿ ನೋಡಿ ಹೇಳಿದಳು.

"ಆ ಬೆಳ್ಳಿ ಮೊಕ ತೆಗೀ ಅಕ್ಕ. ಅದು ಕಂಪ್ನಿಯೋರ್ದು. ನಮ್ಮವಳು ಒಳಗವ್ಳೆ."

ಮುಖವಾಡ ತೆಗೆದು ಪಕ್ಕಕ್ಕಿಟ್ಟರೆ, ಎಣ್ಣೆ ಅರಿಶಿನ ಕುಡಿದು ಕಪ್ಪಾಗಿ ಮಿರುಗುವ ಮೂರು ಕಲ್ಲು. ದೇವಕ್ಕ ಬಟ್ಟಲಲ್ಲಿ ಅರಿಶಿನ ಕಲೆಸಿದಳು. ಎಡಗಡೆಗೆ ಗಟ್ಟಿಯಾಗಿ ಮೆತ್ತಿ ಒಂದು ಪುಟ್ಟ ಸೇವಂತಿಗೆ ಒತ್ತಿದಳು. ಬಲಗಡೆಗೆ ಬಂದಾಗ ಬೆರಳು ತಾನೇ ತಾನಾಗಿ ನೀರಿಗೆ ಹೋಯಿತು. ತೆಳ್ಳಗಿನ ಅರಿಶಿನ, ದಪ್ಪ ತಲೆಯ ಸೇವಂತಿಗೆ. ಉಸಿರು ತಾಕಿದರೆ ಬೀಳುವ ಹಾಗೆ ಇಟ್ಟಳು. ಪರಮಾನಂದ ಕರ್ಪೂರ ಹಿಡಿದ ಹಾಗೆಯೇ ಇದೂ ಅಲ್ಲವೇ ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ಇರಲಿ, ಆ ಪಾಪ ತನಗಿರಲಿ ಎಂದುಕೊಂಡು ಕೈ ಮುಗಿದಳು.

ರಾಮಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ದೇವಕ್ಕ ಬಲಗಡೆಯ ಹೂವನ್ನೇ ನೋಡುತ್ತಿದ್ದಳು. ಬೀಳಲಿಲ್ಲ. ಊದುಬತ್ತಿ ಅರ್ಧ ಉರಿಯಿತು. ಆಚೆ ಲಾರಿಯೊಂದು ಹಾರ್ನ್ ಹೊಡೆದು ಗೋಡೆ ಅದುರುವಂತೆ ಹೋಯಿತು. ಆಗಲೂ ಬೀಳಲಿಲ್ಲ. ದೀಪದ ಬತ್ತಿ ಮುಂದೆ ಮಾಡುವ ನೆಪದಲ್ಲಿ ದೇವಕ್ಕ ಮೆಲ್ಲಗೆ ಊದಿದಳು. ಎಸಳು ಅಲುಗಿತು, ಹೂವು ಅಲ್ಲೇ ಇತ್ತು.

"ಏನ್ ದೇವಕ್ಕ, ಇವತ್ತು ಪೂಜೆ ತುಂಬಾ ಹೊತ್ತಾಯ್ತು?" ಹಿಂದಿನಿಂದ ಪರಮಾನಂದರ ದನಿ. ತೆಗೆದಿಟ್ಟ ಮುಖವಾಡದ ಮೇಲೆ ಅವರ ಕಣ್ಣು ಬಿತ್ತು. ಒದ್ದೆ ಜಡೆಯ ರಾಮಮ್ಮನನ್ನು ನೋಡಿ, "ರಾಮಮ್ಮ, ಆಣೆ ನೆನಪಿದೆ ಅಲ್ವಾ?" ಎಂದರು. ಗದರಿಕೆಯಿರಲಿಲ್ಲ, ಮನೆ ಹಿರಿಯರು ಮಾತ್ರೆ ನುಂಗಿದೆಯಾ ಎಂದು ಕೇಳುವಂತಿತ್ತು.

"ನೆನಪೈತೆ ಸಾರ್."

ಅವರು ಚಪ್ಪಲಿ ಬಿಟ್ಟು ದೂರದಿಂದಲೇ ಕೈ ಮುಗಿದು ಹೊರಟುಹೋದರು. ಅದೇ ಹೊತ್ತಿಗೆ ಹೇಮಲತಾ ವಿಚಾರಣೆ ಮುಗಿಸಿ ಬಂದಳು. ಅತ್ತಿದ್ದಳೆಂದು ಕಾಣುತ್ತಿತ್ತು, ಕಣ್ಣು ಕೆಂಪಗಿದ್ದವು. ಅವಳ ಬೆನ್ನಿಗೇ ಆಫೀಸಿನ ಹುಡುಗಿ ಬಾಗಿಲಿಂದ ಕೂಗಿದಳು: "ರಾಮಮ್ಮನೋರೇ, ಮೇಡಂ ಕರೀತಾವ್ರೆ!"

ರಾಮಮ್ಮ ಹೂವು ನೋಡಿದಳು. ಎರಡೂ ಅಂಟಿಕೊಂಡೇ ಇದ್ದವು. ಹೇಮಲತಾಳ ಕಡೆ ತಿರುಗಿದಳು. ಆ ಹುಡುಗಿ ಏನೂ ಕೇಳಲಿಲ್ಲ. ನೀಲಿಗಟ್ಟಿ ಈಗ ಹಳದಿಗೆ ತಿರುಗಿದ್ದ ಮುಂಗೈಯನ್ನು ವೇಲಿನಿಂದ ಮುಚ್ಚಿಕೊಂಡಳು, ಅಷ್ಟೇ. ರಾಮಮ್ಮನಿಗೆ ಎಲ್ಲಿತ್ತೋ ಸಿಟ್ಟು ಬಂತು. ಸಿಟ್ಟು ತಿರುಗಿದ್ದು ಮಾರಮ್ಮನ ಮೇಲೆ.

"ಕೊಡ್ತೀಯೋ ಇಲ್ವೋ? ಹೆಣ್ ದೇವ್ರಾಗಿ ಇಷ್ಟೊತ್ತು ಯೋಚ್ನೆ ಮಾಡ್ತೀಯಾ? ನೀನ್ ಈ ಗೋಡೆಗ್ ಬಂದಿದ್ದಾದ್ರೂ ಯಾಕೆ? ನಾವು ಹೆಂಗಸ್ರು ಈ ದಾರೀಲಿ ತಲೆ ಎತ್ಕೊಂಡು ಓಡಾಡ್ಲಿ ಅಂತ ತಾನೇ? ಇಷ್ಟ್ ವರ್ಷ ನಿಂಗ್ ಮುಡಿಸಿದೀನಿ. ಕೊಡ್ದಿದ್ರೆ ಹೋಗು, ನಾನೇ ತಗೋತೀನಿ!"

ಹೇಳುತ್ತಿದ್ದಂತೆ ಕೈಹಾಕಿ ಬಲಗಡೆಯ ಸೇವಂತಿಗೆಯನ್ನು ಕಿತ್ತು, ಒದ್ದೆ ಜಡೆಗೆ ಸಿಕ್ಕಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ದಡದಡ ನಡೆದೇಬಿಟ್ಟಳು.

ದೇವಕ್ಕ ಬಾಯಿ ತೆರೆದುಕೊಂಡೇ ನಿಂತಿದ್ದಳು. ದೇವರ ಮೈಮೇಲಿನ ಹೂವಿಗೆ ಹಾಗೆ ಕೈಹಾಕಿದವರನ್ನು ಅವಳು ಕಂಡಿರಲಿಲ್ಲ. ಆಫೀಸಿನ ಬಾಗಿಲು ರಾಮಮ್ಮನ ಹಿಂದೆ ಮುಚ್ಚಿಕೊಂಡಿತು. ಆಗ ಪುಟ್ಟದೊಂದು ಸದ್ದಾಯಿತು. ಗಟ್ಟಿಯಾಗಿ ಮೆತ್ತಿದ್ದ ಎಡಗಡೆಯ ಹೂವು ತಾನಾಗಿ ಕಳಚಿ ತಟ್ಟೆಯೊಳಗೆ ಬಿದ್ದಿತ್ತು.

ಹೇಮಲತಾಳೂ ಅದನ್ನು ನೋಡಿದಳು.

"ಎಡಕ್ಕ ಬಿತ್ತಲ್ಲ ಅಜ್ಜಿ."

"ಗಾಳಿ ಕಣೇ."

"ಬಲಕ್ಕ ಬಿದ್ದಿದ್ರ?"

"ಬಲಕ್ಕ್ ಬಿದ್ದಿದ್ರೆ ಅಮ್ಮ."

ಹೇಮಲತಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ದೇವಕ್ಕನಿಗೆ ನಗು ಬರಲಿಲ್ಲ. ಹೂವನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡು ಕಲ್ಲಿನ ಹತ್ತಿರ ಬಗ್ಗಿದಳು. "ನೀನೇ ತಡ ಮಾಡ್ದೆ ಕಣಮ್ಮ. ಅವ್ಳು ಹೋಗಾಯ್ತು. ಏನಿದ್ರೂ ನನ್ ತಲೆ ಮೇಲ್ ಹಾಕು, ಆ ಮಗೀನ ತಂಟೆಗ್ ಹೋಗ್ಬೇಡ" ಎಂದು ಪಿಸುಗುಟ್ಟಿ, ಹೂವನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಹೊದ್ದಳು. ತಾನು ತಂದಿಟ್ಟ ಕಲ್ಲಿಗೆ ತಾನೇ ಹೀಗೆ ಬೇಡಿಕೊಳ್ಳುತ್ತಿರುವುದು ಅವಳಿಗೆ ವಿಚಿತ್ರವಾಗಿಯೇನೂ ಕಾಣಲಿಲ್ಲ.

ರಾಮಮ್ಮ ಹೊರಗೆ ಬಂದಾಗ ಊಟದ ಗಂಟೆಯಾಗಿತ್ತು. ಜೊತೆಯಲ್ಲೇ ಬಂದ ವಾಸಂತಿ ಹೇಮಲತಾಳ ಹೆಗಲು ಮುಟ್ಟಿ, "ಕಣ್ಣಲ್ಲಿ ನೋಡಿದೋರು ಹೇಳಿದಾರೆ. ಅವರ ಸಹಿ ಇದೆ. ಇನ್ನು ಇದನ್ನ ಮುಚ್ಚಿಹಾಕೋಕೆ ಆಗಲ್ಲಮ್ಮ" ಎಂದು ಹೇಳಿ ಮತ್ತೆ ಒಳಗೆ ಹೋದರು. ಹೇಮಲತಾ ಬಗ್ಗಿ ರಾಮಮ್ಮನ ಕಾಲು ಮುಟ್ಟಲು ಹೋದಳು.

"ಏಳೇ, ನಾನೇನ್ ಮಾರಮ್ಮನಾ? ಎಲ್ಲಾ ಹೇಳ್ದೆ. ಕೋನು ಬಿದ್ದಿದ್ದೂ ಹೇಳ್ದೆ" ಎಂದ ರಾಮಮ್ಮ ಗುಡಿಯ ಕಟ್ಟೆಯ ಮೇಲೆ ಕುಕ್ಕರಿಸಿದಳು. ಒಳಗೆ ಹೋಗುವಾಗ ಇದ್ದ ಬಿರುಸು ಈಗ ಇಳಿದಿತ್ತು. ಗೇಟಿನಲ್ಲಿ ಕೊಟ್ಟಿದ್ದ ಫೋನನ್ನು ಸೆಕ್ಯೂರಿಟಿಯವನು ತಂದು ಕೈಗಿಟ್ಟು, "ಆಗ್ಲಿಂದ ಹೊಡ್ಕೋತಾ ಇತ್ತಮ್ಮ, ನಿಮ್ ಮನೆಯಿಂದಾನೇ" ಎಂದ.

ರಾಮಮ್ಮನ ಮುಖ ಬೆಳ್ಳಗಾಯಿತು. ದೇವಕ್ಕನ ಕೈ ಸೊಂಟದ ಹೂವಿನ ಮೇಲೆ ಹೋಯಿತು. ಮನೆಯಲ್ಲಿ ಬಸುರಿ ಮಗಳು ಒಬ್ಬಳೇ ಇದ್ದಳು. ರಾಮಮ್ಮನ ಬೆರಳು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಸರಿಯಾಗಿ ಒತ್ತಿತು. ಫೋನು ರಿಂಗಾಗುತ್ತಿರುವುದು ಮೂವರಿಗೂ ಕೇಳುತ್ತಿತ್ತು.

"ಎಲ್ ಹೋಗಿದ್ಯಮ್ಮ?" ಮಗಳು ಅಲ್ಲಿಂದ ಕೂಗಿದ್ದು ಕಟ್ಟೆಯಾಚೆಗೂ ಕೇಳಿಸಿತು. "ಎಷ್ಟ್ ಸಲ ಮಾಡೋದು? ಕುಕ್ಕರ್ ರಬ್ಬರ್ ಎಲ್ಲಿಟ್ಟಿದೀಯಾ? ಅನ್ನ ಮಾಡ್ಕೊಳ್ಳೋಣ ಅಂದ್ರೆ ಮನೆಯೆಲ್ಲಾ ಹುಡುಕ್ದೆ!"

ರಾಮಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಫ್ರಿಜ್ಜಲ್ಲಿ ಇಟ್ಟಿದೀನಿ ಕಣೇ, ಸಡ್ಲ ಆಗಿತ್ತು, ಬಿಗಿ ಆಗ್ಲಿ ಅಂತ. ಮೊಸರಿನ್ ಪಾತ್ರೆ ಹಿಂದೆ ನೋಡು. ನೋಡ್ದ್ಯಾ? ಬಗ್ಗಬೇಡ, ಕೂತ್ಕೊಂಡ್ ತಗೋ. ಹೊಟ್ಟೆಗೆ ಬಾಗಿಲು ತಾಗೀತು, ನಿಧಾನ..."

ಮಾತು ಮುಗಿಸುವ ಹೊತ್ತಿಗೆ ಅವಳ ಕಣ್ಣಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು. ದೇವಕ್ಕ ಅವಳ ಬೆನ್ನು ನೀವುತ್ತಾ ಪಕ್ಕದಲ್ಲಿ ಕೂತಳು. ಹೇಮಲತಾ ತನ್ನ ಊಟದ ಡಬ್ಬಿ ತಂದು ಇಬ್ಬರ ನಡುವೆ ಬಿಚ್ಚಿಟ್ಟಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರಾಮಮ್ಮ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟು, ಮೂಗೊರೆಸಿಕೊಂಡು, "ಇದೇನ್ ಹುಡುಗಿ ಇಷ್ಟೊಂದ್ ಖಾರ!" ಎಂದು ಬೈದಳು.